ಪರಿಮಿತ ಗ್ರಾಫ್‌ಗಳಲ್ಲಿ ಮಾಡೆಲ್ ಥಿಯರಿಗೆ ಏನು ಕೆಲಸ?

ಪ್ರಶ್ನೆ: ನಾನು ಗಣಿತದಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಲಾಜಿಕ್ ಪೇಪರಿನಲ್ಲಿ ಕಾಂಪ್ಯಾಕ್ಟ್‌ನೆಸ್ ಪ್ರಮೇಯ ಬಂತು. ಪರಿಮಿತ ರಚನೆಗಳನ್ನಷ್ಟೇ ಇಟ್ಟುಕೊಂಡರೆ ಅದು ನಡೆಯುವುದಿಲ್ಲ ಎಂದು ಮೇಷ್ಟ್ರು ತೋರಿಸಿದರು. ಆದರೆ ಪರಿಮಿತ ಫೀಲ್ಡ್, ಗ್ರೂಪ್, ಗ್ರಾಫ್‌ಗಳ ಬಗ್ಗೆ ಮಾಡೆಲ್ ಥಿಯರಿಯಿಂದ ದೊಡ್ಡ ಫಲಿತಾಂಶಗಳು ಬಂದಿವೆ ಎಂದೂ ಕೇಳುತ್ತೇನೆ. ಎರಡೂ ಹೇಗೆ ಸಾಧ್ಯ? ಮುಂದೆ ಗ್ರಾಫ್ ಥಿಯರಿಯಲ್ಲಿ ಪಿಎಚ್.ಡಿ. ಮಾಡುವ ಆಸೆ ಇದೆ. ನನಗೆ ಇದು ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಎರಡೂ ನಿಜ. ಮಾಡೆಲ್ ಥಿಯರಿ ಅಂದರೆ ಯಾವ ವಾಕ್ಯ ಯಾವ ರಚನೆಯಲ್ಲಿ (ಗ್ರಾಫ್, ಗ್ರೂಪ್, ಫೀಲ್ಡ್ ಇಂಥವುಗಳಲ್ಲಿ) ನಿಜ ಎಂದು ನೋಡುವ ಲಾಜಿಕ್ಕಿನ ಶಾಖೆ. ವಾಕ್ಯಗಳ ರಾಶಿಯ ಪ್ರತಿ ಪರಿಮಿತ ಭಾಗವೂ ಯಾವುದಾದರೂ ರಚನೆಯಲ್ಲಿ ನಿಜವಾದರೆ ಇಡೀ ರಾಶಿಯೂ ಒಂದು ರಚನೆಯಲ್ಲಿ ನಿಜವಾಗುತ್ತದೆ ಎಂಬುದು ಕಾಂಪ್ಯಾಕ್ಟ್‌ನೆಸ್. ಮೊದಲು ನಿಮ್ಮ ಮೇಷ್ಟ್ರ ಮಾತನ್ನೇ ನೋಡೋಣ. "ಕನಿಷ್ಠ 2 ವಸ್ತುಗಳಿವೆ", "ಕನಿಷ್ಠ 3 ವಸ್ತುಗಳಿವೆ", ಹೀಗೆ ವಾಕ್ಯಗಳನ್ನು ಬರೆಯುತ್ತಾ ಹೋಗಿ. ಇವುಗಳಲ್ಲಿ ಯಾವ ಹತ್ತನ್ನು ಆರಿಸಿಕೊಂಡರೂ ಅಷ್ಟೂ ನಿಜವಾಗುವ ಪರಿಮಿತ ರಚನೆ ಸಿಗುತ್ತದೆ. ಎಲ್ಲವೂ ಒಟ್ಟಿಗೆ ನಿಜವಾಗುವ ಪರಿಮಿತ ರಚನೆ ಇಲ್ಲವೇ ಇಲ್ಲ. ಕಾಂಪ್ಯಾಕ್ಟ್‌ನೆಸ್ ಅಲ್ಲಿಗೆ ಬಿದ್ದುಹೋಯಿತು.

ಕಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಫಸ್ಟ್ ಆರ್ಡರ್ ವಾಕ್ಯ ("ಎಲ್ಲ ವಸ್ತುಗಳಿಗೂ", "ಯಾವುದೋ ಒಂದು ವಸ್ತುವಿಗೆ" ಎಂದು ಬಿಡಿ ವಸ್ತುಗಳ ಬಗ್ಗೆ ಮಾತ್ರ ಮಾತಾಡುವ, ಅವುಗಳ ಗುಂಪುಗಳ ಬಗ್ಗೆ ಮಾತಾಡದ ವಾಕ್ಯ) ಕೊಟ್ಟರೆ ಅದು ನಿಜವಾಗುವ ಪರಿಮಿತ ರಚನೆ ಇದೆಯೋ ಇಲ್ಲವೋ ಎಂದು ಹೇಳುವ ಅಲ್ಗಾರಿದಮ್ ಇಲ್ಲ. ಇದನ್ನು ಟ್ರಾಖ್ತೆನ್‌ಬ್ರಾಟ್ 1950ರಲ್ಲೇ ಸಾಧಿಸಿದರು. ಇನ್ನು ಒಂದೇ ಒಂದು ಪರಿಮಿತ ಗ್ರಾಫನ್ನು ಕೈಗೆತ್ತಿಕೊಂಡರಂತೂ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಇಷ್ಟು ಚುಕ್ಕೆ ಇವೆ, ಇವುಗಳ ನಡುವೆ ಗೆರೆ ಇದೆ, ಇವುಗಳ ನಡುವೆ ಇಲ್ಲ ಎಂದು ಒಂದೇ ವಾಕ್ಯದಲ್ಲಿ ಆ ಗ್ರಾಫನ್ನು ಪೂರ್ತಿ ಬರೆದುಬಿಡಬಹುದು. ಅದೇ ವಾಕ್ಯ ಇನ್ನೊಂದು ಗ್ರಾಫಿನಲ್ಲಿ ನಿಜವಾದರೆ ಅದು ಅದೇ ಗ್ರಾಫು.

ಹಾಗಾದರೆ ದಾರಿ ಎಲ್ಲಿದೆ? ಒಂದು ಗ್ರಾಫನ್ನು ಹಿಡಿಯಬೇಡಿ, ಗ್ರಾಫ್‌ಗಳ ಕೊನೆಯಿಲ್ಲದ ಸಾಲನ್ನು ಹಿಡಿಯಿರಿ. ಫಾರ್ಮುಲಾ ಹಾಗೇ ಇರಲಿ, ಗ್ರಾಫ್ ಮಾತ್ರ ಬೆಳೆಯುತ್ತಾ ಹೋಗಲಿ. ಉದ್ದ ನಿಗದಿಯಾದ ಫಾರ್ಮುಲಾಗೆ ದೃಷ್ಟಿ ಸ್ವಲ್ಪ ಕಡಿಮೆ. ಗ್ರಾಫ್ ಬಹಳ ದೊಡ್ಡದಾದಾಗ ಅದು ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದೇ ಇಲ್ಲಿನ ಇಡೀ ಆಟ. ಈ ಮೊದ್ದುತನವೇ ಮಾಡೆಲ್ ಥಿಯರಿಯ ಬಂಡವಾಳ ಎಂದು ನನ್ನ ಅಭಿಪ್ರಾಯ.

ಸಾಲನ್ನು ಹಿಡಿಯುವ ಸಾಧನದ ಹೆಸರು ಅಲ್ಟ್ರಾಪ್ರಾಡಕ್ಟ್. ಅದನ್ನೊಂದು ಚುನಾವಣೆ ಅಂದುಕೊಳ್ಳಿ. ಸಾಲಿನ ಪ್ರತಿ ಗ್ರಾಫಿಗೂ ಒಂದು ಓಟು. "ಈ ವಾಕ್ಯ ನಿಜವೇ?" ಎಂದು ಕೇಳಿದರೆ ಹೌದು ಎನ್ನುವವರ ಗುಂಪು, ಇಲ್ಲ ಎನ್ನುವವರ ಗುಂಪು ಎಂದು ಎರಡಾಗುತ್ತವೆ. ಗೆದ್ದವರು ಯಾರೆಂದು ಅಲ್ಟ್ರಾಫಿಲ್ಟರ್ ತೀರ್ಪು ಕೊಡುತ್ತದೆ. ಎರಡೂ ಗುಂಪು ಗೆಲ್ಲುವಂತಿಲ್ಲ, ಎರಡೂ ಸೋಲುವಂತಿಲ್ಲ. ಪರಿಮಿತ ಸಂಖ್ಯೆಯ ಓಟುಗಳಿಂದ ಯಾರೂ ಗೆಲ್ಲುವುದಿಲ್ಲ. ಗೆದ್ದ ಎರಡು ಗುಂಪುಗಳಿಗೆ ಸಾಮಾನ್ಯವಾದ ಭಾಗವೂ ಗೆದ್ದಿರಬೇಕು. ಇಷ್ಟು ನಿಯಮ ಸಾಕು. ಹೀಗೆ ತೀರ್ಪು ಕೊಡುತ್ತಾ ಕಟ್ಟಿದ ಅನಂತ ಗ್ರಾಫಿನಲ್ಲಿ ಒಂದು ವಾಕ್ಯ ನಿಜವಾಗುವುದು ಅದಕ್ಕೆ ಹೌದು ಎಂದವರು ಗೆದ್ದಾಗ ಮಾತ್ರ. ಇದು ಪೋಲೆಂಡಿನ ಯೆಝಿ ವೊಶ್ ಅವರ 1955ರ ಪ್ರಮೇಯ.

ಇದರಿಂದ ಏನು ಲಾಭ? ಪರಿಮಿತ ಲೋಕದಲ್ಲಿ ನಮಗೆ ಬೇಕಾಗಿರುವುದು ಸಾಮಾನ್ಯವಾಗಿ ಒಂದು ಮಿತಿ: ಸಾಲಿನ ಎಲ್ಲ ಗ್ರಾಫ್‌ಗಳಿಗೂ ಒಂದೇ ಸಂಖ್ಯೆ ಸಾಲಬೇಕು. ಸಾಲುವುದಿಲ್ಲ ಅಂದುಕೊಳ್ಳಿ. ಆಗ 1ಕ್ಕೆ ಒಂದು ತಪ್ಪುಗಾರ ಗ್ರಾಫ್, 2ಕ್ಕೆ ಒಂದು, 3ಕ್ಕೆ ಒಂದು, ಹೀಗೆ ಸಾಲು ಸಿಗುತ್ತದೆ. ಅದರ ಅಲ್ಟ್ರಾಪ್ರಾಡಕ್ಟ್ ತೆಗೆದರೆ ಎಲ್ಲ ತಪ್ಪನ್ನೂ ಮೈಮೇಲೆ ಹೊತ್ತ ಒಂದೇ ಒಂದು ಅನಂತ ಗ್ರಾಫ್ ಕೈಗೆ ಬರುತ್ತದೆ. ಈಗ ಕಾಂಪ್ಯಾಕ್ಟ್‌ನೆಸ್ಸೂ ಸೇರಿ ಅನಂತದ ಎಲ್ಲ ಉಪಕರಣಗಳನ್ನು ಅದರ ಮೇಲೆ ಹಾಕಬಹುದು. ಅಲ್ಲಿ ವಿರೋಧ ಬಂದರೆ ಮಿತಿ ಇದೆ ಎಂದಾಯಿತು. ಅಂದರೆ ಕಾಂಪ್ಯಾಕ್ಟ್‌ನೆಸ್ ಪರಿಮಿತ ರಚನೆಗಳ ಒಳಗೆ ನಡೆಯದಿದ್ದರೂ ಅವುಗಳ ಸಾಲಿನ ಮೇಲೆ ಚೆನ್ನಾಗಿ ನಡೆಯುತ್ತದೆ.

ಮಾತು ಸಾಕು, ಒಂದು ಗ್ರಾಫ್ ಬಿಡಿಸೋಣ. 0ಯಿಂದ 12ರವರೆಗೆ 13 ಚುಕ್ಕೆ ಇಡಿ. ಎರಡು ಸಂಖ್ಯೆಗಳ ವ್ಯತ್ಯಾಸ, 13ರಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ, ಸೊನ್ನೆಯಲ್ಲದ ವರ್ಗಸಂಖ್ಯೆ ಆದರೆ ನಡುವೆ ಗೆರೆ ಎಳೆಯಿರಿ. ಅಂಥ ವರ್ಗಗಳು ಆರು: 1, 3, 4, 9, 10, 12. (4ರ ವರ್ಗ 16, ಶೇಷ 3. 5ರ ವರ್ಗ 25, ಶೇಷ 12. 6ರ ವರ್ಗ 36, ಶೇಷ 10.) ಇದು ಪೇಲಿ ಗ್ರಾಫ್. 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಯಾವ ಅವಿಭಾಜ್ಯ ಸಂಖ್ಯೆಗೂ ಇದನ್ನು ಬಿಡಿಸಬಹುದು. ಶೇಷ 1 ಯಾಕೆ ಬೇಕು ಅಂದರೆ, ಆಗ ಮೈನಸ್ 1 ಕೂಡ ವರ್ಗ ಆಗುತ್ತದೆ. ಇತ್ತಿಂದ ಅತ್ತ ಗೆರೆ ಇದ್ದರೆ ಅತ್ತಿಂದ ಇತ್ತಲೂ ಇರುತ್ತದೆ.

ಈಗ 0 ಮತ್ತು 1 ಎಂಬ ಎರಡು ಚುಕ್ಕೆಗಳನ್ನು ತೆಗೆದುಕೊಳ್ಳಿ. ಉಳಿದ 11ರಲ್ಲಿ ಎರಡಕ್ಕೂ ಸೇರಿದವು 4 ಮತ್ತು 10. ಬರೀ 0ಗೆ ಸೇರಿದವು 3, 9, 12. ಬರೀ 1ಕ್ಕೆ ಸೇರಿದವು 2, 5, 11. ಎರಡಕ್ಕೂ ಸೇರದವು 6, 7, 8. ಹೆಚ್ಚುಕಡಿಮೆ ಕಾಲು ಕಾಲು ಭಾಗ! ಯಾರೋ ನಾಣ್ಯ ಚಿಮ್ಮಿ ಗೆರೆ ಎಳೆದ ಹಾಗಿದೆ. ಎಳೆದದ್ದು ಮಾತ್ರ ಪಕ್ಕಾ ಲೆಕ್ಕ, ಅದರಲ್ಲಿ ಅದೃಷ್ಟದ ಪಾತ್ರವೇ ಇಲ್ಲ.

ಮೂರು ಚುಕ್ಕೆಗೆ ಹೋದರೆ 13 ಸಾಲದು. 0, 1, 4 ಮೂರಕ್ಕೂ ಸೇರುವ ಚುಕ್ಕೆ ಹುಡುಕಿ. 0 ಮತ್ತು 1ಕ್ಕೆ ಸೇರುವುದು 4 ಬಿಟ್ಟರೆ 10 ಒಂದೇ. 10ರಿಂದ 4 ಕಳೆದರೆ 6, ಅದು ವರ್ಗವಲ್ಲ. ಸಿಗಲಿಲ್ಲ. ಆದರೆ ಅವಿಭಾಜ್ಯ ಸಂಖ್ಯೆ ದೊಡ್ಡದಾದರೆ ಸಿಕ್ಕೇ ಸಿಗುತ್ತದೆ. ಯಾವ ಮೂರು ಚುಕ್ಕೆ ಕೊಟ್ಟರೂ, "ಇದಕ್ಕೆ ಗೆರೆ ಬೇಕು, ಇದಕ್ಕೆ ಬೇಡ" ಎಂದು ಹೇಗೆ ಕೇಳಿದರೂ, ಒಪ್ಪುವ ಚುಕ್ಕೆಗಳು ಒಟ್ಟು ಚುಕ್ಕೆಗಳ ಸುಮಾರು 8ರಲ್ಲಿ 1 ಭಾಗ. ನಾಲ್ಕು ಚುಕ್ಕೆ ಕೊಟ್ಟರೆ 16ರಲ್ಲಿ 1. ಇಲ್ಲಿ ಆಗುವ ಹೆಚ್ಚುಕಡಿಮೆ ಒಟ್ಟು ಚುಕ್ಕೆಗಳ ವರ್ಗಮೂಲದ ಮಟ್ಟದ್ದು. ಆಂದ್ರೆ ವೇಯ್ 1940ರ ದಶಕದಲ್ಲಿ ಸಾಧಿಸಿದ ಅಂದಾಜು ಈ ಖಾತ್ರಿ ಕೊಡುತ್ತದೆ. ಗ್ರಾಫ್ ಬೆಳೆದಂತೆ ವರ್ಗಮೂಲ ಹಿಂದೆ ಬೀಳುತ್ತದೆ, 8ರಲ್ಲಿ 1 ಭಾಗ ಗೆಲ್ಲುತ್ತದೆ.

ಇಂಥ ಷರತ್ತುಗಳನ್ನು ವಿಸ್ತರಣೆಯ ಸೂತ್ರಗಳು ಎನ್ನೋಣ. ಇವೆಲ್ಲವೂ ನಿಜವಾಗುವ, ಎಣಿಸಬಲ್ಲ ಅನಂತ ಗ್ರಾಫ್ ಒಂದೇ ಒಂದು. ಅದು ರಾಡೊ ಗ್ರಾಫ್. ಎರ್ಡಿಶ್ ಮತ್ತು ರೆನ್ಯಿ 1963ರಲ್ಲಿ ಅದನ್ನು ನಾಣ್ಯ ಚಿಮ್ಮಿ ಪಡೆದರು. 1964ರಲ್ಲಿ ರಿಚರ್ಡ್ ರಾಡೊ ನೇರವಾಗಿ ಕಟ್ಟಿ ತೋರಿಸಿದರು: ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಬೈನರಿಯಲ್ಲಿ ಬರೆಯಿರಿ, ಚಿಕ್ಕದು ಸೂಚಿಸುವ ಸ್ಥಾನದಲ್ಲಿ 1 ಇದ್ದರೆ ಗೆರೆ ಎಳೆಯಿರಿ, ಮುಗಿಯಿತು. ಅಂಥ ಗ್ರಾಫ್ ಒಂದೇ ಇರುವುದರಿಂದ ಯಾವ ಫಸ್ಟ್ ಆರ್ಡರ್ ವಾಕ್ಯವನ್ನೂ ಈ ಸೂತ್ರಗಳು ಸಾಧಿಸುತ್ತವೆ, ಇಲ್ಲವೇ ಅಲ್ಲಗಳೆಯುತ್ತವೆ. ಒಂದು ಸಾಧನೆಯಲ್ಲಿ ಬಳಕೆಯಾಗುವುದು ಪರಿಮಿತ ಸಂಖ್ಯೆಯ ಸೂತ್ರಗಳು ಮಾತ್ರ. ಆದ್ದರಿಂದ ನೀವು ಯಾವ ವಾಕ್ಯ ಬರೆದರೂ ಅದು ಒಂದು ಹಂತ ದಾಟಿದ ಎಲ್ಲ ಪೇಲಿ ಗ್ರಾಫ್‌ಗಳಲ್ಲೂ ನಿಜ, ಇಲ್ಲವೇ ಎಲ್ಲದರಲ್ಲೂ ಸುಳ್ಳು. ನಡುವೆ ಓಲಾಡುವ ಮಾತೇ ಇಲ್ಲ. ಇದನ್ನು 1981ರಲ್ಲಿ ಬ್ಲಾಸ್, ಎಕ್ಸೂ, ಹರಾರಿ ಬರೆದರು.

ನಾಣ್ಯ ಚಿಮ್ಮಿ ಮಾಡಿದ ಗ್ರಾಫ್‌ಗಳಿಗೂ ಇದೇ ತೀರ್ಪು. ಚುಕ್ಕೆಗಳು ಜಾಸ್ತಿಯಾದಂತೆ ಯಾವುದೇ ಫಸ್ಟ್ ಆರ್ಡರ್ ವಾಕ್ಯ ನಿಜವಾಗುವ ಸಂಭವ 0ಗೆ ಹೋಗುತ್ತದೆ, ಇಲ್ಲವೇ 1ಕ್ಕೆ ಹೋಗುತ್ತದೆ. ಇದೇ 0-1 ನಿಯಮ. ಗ್ಲೆಬ್‌ಸ್ಕಿ ಮತ್ತು ಮೂವರು ಸಂಗಡಿಗರು ಇದನ್ನು 1969ರಲ್ಲಿ ಸಾಧಿಸಿದರು. ಅವರ ಕೆಲಸದ ಹಂಗಿಲ್ಲದೆ ರಾನ್ ಫೇಗಿನ್ 1976ರಲ್ಲಿ ಇದನ್ನೇ ಪ್ರಕಟಿಸಿದರು. "ಚುಕ್ಕೆಗಳ ಸಂಖ್ಯೆ ಸಮ" ಎಂಬುದನ್ನು ಫಸ್ಟ್ ಆರ್ಡರ್‌ನಲ್ಲಿ ಹೇಳಲು ಬರುವುದಿಲ್ಲ ಎಂಬುದಕ್ಕೆ ಇಷ್ಟೇ ಸಾಕು. ಅದು ಒಂದು ಬಿಟ್ಟು ಒಂದರಂತೆ ನಿಜ, ಸುಳ್ಳು, ನಿಜ, ಸುಳ್ಳು ಆಗುತ್ತದೆ, ಅಲ್ವಾ?

ಗ್ರಾಫ್ ಒಂದೇ ತುಂಡಾಗಿದೆ ಎಂದು ಹೇಳಲೂ ಬರುವುದಿಲ್ಲ. ಅದಕ್ಕೆ ಎರೆನ್‌ಫಾಯ್ಕ್ಟ್ ಮತ್ತು ಫ್ರೆಸ್ಸೆ ಅವರ ಆಟ ಬೇಕು. ಒಂದು ಕಡೆ ಒಂದು ಉದ್ದನೆಯ ವರ್ತುಲ, ಇನ್ನೊಂದು ಕಡೆ ಅದರ ಅರ್ಧದಷ್ಟಿರುವ ಎರಡು ವರ್ತುಲ. ಆಟಗಾರರು ಸರದಿಯಂತೆ ಚುಕ್ಕೆಗಳನ್ನು ಗುರುತು ಮಾಡುತ್ತಾ ಹೋಗುತ್ತಾರೆ. ಸುತ್ತುಗಳ ಸಂಖ್ಯೆ ಮೊದಲೇ ನಿಗದಿಯಾಗಿದ್ದು ವರ್ತುಲಗಳು ಸಾಕಷ್ಟು ಉದ್ದವಿದ್ದರೆ ಎರಡರ ನಡುವೆ ವ್ಯತ್ಯಾಸ ಕಂಡುಹಿಡಿಯಲು ಆಗುವುದೇ ಇಲ್ಲ. ಗ್ರಾಫ್ ಓದುವವರು ಕೂತು ಆಡಿ ನೋಡಲೇಬೇಕಾದ ಆಟ ಇದು.

ಈಗ ಸ್ವಲ್ಪ ಫೀಲ್ಡ್ ಕಡೆ, ಅಂದರೆ ಕೂಡಿಸಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯಾಲೋಕಗಳ ಕಡೆ, ಬನ್ನಿ. ಇಲ್ಲಿ ಹಸುರು ಜಾಸ್ತಿ. ಸುಮ್ನೆ ಪರಿಮಿತ ರಚನೆ ಅಂದರೆ ಟ್ರಾಖ್ತೆನ್‌ಬ್ರಾಟ್ ಬಾಗಿಲು ಹಾಕುತ್ತಾರೆ, ಪರಿಮಿತ ಫೀಲ್ಡ್ ಅಂದರೆ ಬಾಗಿಲು ತೆರೆಯುತ್ತದೆ. ಒಂದು ವಾಕ್ಯ ಎಲ್ಲ ಪರಿಮಿತ ಫೀಲ್ಡ್‌ಗಳಲ್ಲೂ ನಿಜವೇ ಎಂದು ಹೇಳುವ ಅಲ್ಗಾರಿದಮ್ ಇದೆ ಎಂದು ಜೇಮ್ಸ್ ಆಕ್ಸ್ 1968ರಲ್ಲಿ ತೋರಿಸಿದರು. ಪರಿಮಿತ ಫೀಲ್ಡ್‌ಗಳ ಅಲ್ಟ್ರಾಪ್ರಾಡಕ್ಟ್ ಹೇಗಿರುತ್ತದೆ ಎಂಬ ಪೂರ್ತಿ ವಿವರವೂ ಅದೇ ಕೆಲಸದಲ್ಲಿದೆ. ಪೇಲಿ ಗ್ರಾಫಿನಲ್ಲಿ ಕಂಡ ವೇಯ್ ಅಂದಾಜಿನ ದೊಡ್ಡಣ್ಣ, ಅಂದರೆ 1954ರ ಲಾಂಗ್ ಮತ್ತು ವೇಯ್ ಪ್ರಮೇಯ, ಅಲ್ಲಿನ ಮುಖ್ಯ ಆಧಾರ.

ಅದರ ಮುಂದುವರಿಕೆ ನನಗೆ ಬಹಳ ಇಷ್ಟ. 1992ರಲ್ಲಿ ಚಾಟ್ಝಿಡಾಕಿಸ್, ವಾನ್ ಡೆನ್ ಡ್ರೀಸ್, ಮ್ಯಾಕಿಂಟೈರ್ ಒಂದು ಪ್ರಶ್ನೆ ಹಿಡಿದರು. ಒಂದು ಫಾರ್ಮುಲಾ ಇದೆ. ಅದು ಪ್ರತಿ ಪರಿಮಿತ ಫೀಲ್ಡಿನಿಂದಲೂ ಕೆಲವು ಸಂಖ್ಯೆಗಳನ್ನು ಆರಿಸುತ್ತದೆ. ಎಷ್ಟನ್ನು ಆರಿಸಬಹುದು? ಉತ್ತರ: ಒಂದೋ ನಿಗದಿಯಾದ ಒಂದು ಮಿತಿಯೊಳಗೆ ಬೆರಳೆಣಿಕೆಯಷ್ಟು, ಇಲ್ಲವೇ ಫೀಲ್ಡಿನ ಒಂದು ನಿಗದಿತ ಭಿನ್ನರಾಶಿಯಷ್ಟು. ಆ ಭಿನ್ನರಾಶಿಗಳ ಪಟ್ಟಿಯೂ ಚಿಕ್ಕದು. ಫೀಲ್ಡಿನ ಗಾತ್ರ ಬೆಸ ಆದರೆ ವರ್ಗಸಂಖ್ಯೆಗಳು ಅರ್ಧದಷ್ಟು. ಘನಗಳು ಫೀಲ್ಡ್ ನೋಡಿಕೊಂಡು ಮೂರನೇ ಒಂದರಷ್ಟು, ಇಲ್ಲವೇ ಎಲ್ಲವೂ. ಎರಡರ ನಡುವೆ ಏನೂ ಇಲ್ಲ.

ಇದನ್ನು ಒಂದು ಕಡೆ ಒರೆಗೆ ಹಚ್ಚಿ. 10,201 ಸಂಖ್ಯೆಗಳ ಫೀಲ್ಡ್ ತೆಗೆದುಕೊಳ್ಳಿ. 10,201 ಅಂದರೆ 101ರ ವರ್ಗ. ಅದರೊಳಗೆ 101 ಸಂಖ್ಯೆಗಳ ಚಿಕ್ಕ ಫೀಲ್ಡ್ ಕೂತಿದೆ. ಹೀಗೆಯೇ ಪ್ರತಿ ಅವಿಭಾಜ್ಯ ಸಂಖ್ಯೆಗೂ ಒಂದು ದೊಡ್ಡದು, ಒಳಗೊಂದು ಚಿಕ್ಕದು. ಚಿಕ್ಕದನ್ನು ಆರಿಸಿಕೊಡುವ ಒಂದೇ ಫಾರ್ಮುಲಾ ಬರೆಯಬಹುದೇ? ಆಗುವುದಿಲ್ಲ. ಚಿಕ್ಕದರ ಗಾತ್ರ ದೊಡ್ಡದರ ವರ್ಗಮೂಲ. ಅದು ಬೆರಳೆಣಿಕೆಯೂ ಅಲ್ಲ, ನಿಗದಿತ ಭಾಗವೂ ಅಲ್ಲ. ಎರಡು ಸಾಲಿನಲ್ಲಿ ಕೆಲಸ ಮುಗಿಯಿತು! "101ನೇ ಘಾತಕ್ಕೆ ಏರಿಸಿದರೆ ಅದೇ ಬರುವ ಸಂಖ್ಯೆಗಳು ಎಂದು ಬರೆದರಾಯಿತಲ್ಲ" ಎಂದು ನೀವು ಕೇಳಬಹುದು. ಬರೆಯಬಹುದು, ಆದರೆ ಮುಂದಿನ ಅವಿಭಾಜ್ಯಕ್ಕೆ ಘಾತ ಬದಲಾಗುತ್ತದೆ, ಫಾರ್ಮುಲಾ ಉದ್ದವಾಗುತ್ತಾ ಹೋಗುತ್ತದೆ. ನಮ್ಮ ಷರತ್ತು ಒಂದೇ ಫಾರ್ಮುಲಾ.

ಪರಿಮಿತದಿಂದ ಅನಂತಕ್ಕೆ ಹೋಗುವ ದಾರಿಯೂ ಇದೆ. ಕಾಂಪ್ಲೆಕ್ಸ್ ಸಂಖ್ಯೆಗಳ ಮೇಲೆ ಬಹುಪದೋಕ್ತಿಗಳಿಂದ ಒಂದು ಮ್ಯಾಪ್ ಮಾಡಿ. ಎಷ್ಟು ಚಲಪದಗಳು ಒಳಗೆ ಹೋಗುತ್ತವೋ ಅಷ್ಟೇ ಹೊರಗೆ ಬರಲಿ. ಅದು ಒಂದಕ್ಕೊಂದು ಆಗಿದ್ದರೆ ಎಲ್ಲವನ್ನೂ ಮುಟ್ಟಿಯೇ ಮುಟ್ಟುತ್ತದೆ. ಪರಿಮಿತ ಫೀಲ್ಡಿನಲ್ಲಿ ಇದು ಮಗುವಿಗೂ ಗೊತ್ತು: ಹತ್ತು ಜನ ಹತ್ತು ಕುರ್ಚಿಯಲ್ಲಿ ಬೇರೆ ಬೇರೆ ಕೂತರೆ ಖಾಲಿ ಕುರ್ಚಿ ಉಳಿಯುವುದಿಲ್ಲ. ಅಲ್ಲಿಂದ ಪರಿಮಿತ ಫೀಲ್ಡ್‌ಗಳು ಒಂದರ ಮೇಲೊಂದು ಸೇರಿ ಆಗುವ ಬೀಜಗಣಿತೀಯವಾಗಿ ಮುಚ್ಚಿದ ಫೀಲ್ಡಿಗೆ, ಅಲ್ಲಿಂದ ಕಾಂಪ್ಯಾಕ್ಟ್‌ನೆಸ್ ಮೂಲಕ ಕಾಂಪ್ಲೆಕ್ಸ್ ಸಂಖ್ಯೆಗಳಿಗೆ. ಇದು ಆಕ್ಸ್ ಮತ್ತು ಗ್ರೋಥೆಂಡೀಕ್ ಇಬ್ಬರ ಹೆಸರಿನಲ್ಲೂ ಇದೆ.

ನಿಮ್ಮ ವಿಷಯಕ್ಕೆ ಅತಿ ಹತ್ತಿರದ್ದು ಈಗ ಬರುತ್ತದೆ. ಸೆಮೆರೆಡಿ ಅವರ ರೆಗ್ಯುಲಾರಿಟಿ ಲೆಮ್ಮಾ ನೀವು ಕೇಳಿರುತ್ತೀರಿ. ಯಾವ ದೊಡ್ಡ ಗ್ರಾಫನ್ನಾದರೂ ಕೆಲವೇ ಭಾಗ ಮಾಡಬಹುದು, ಹೆಚ್ಚಿನ ಭಾಗಜೋಡಿಗಳ ನಡುವೆ ಗೆರೆಗಳು ಸಮನಾಗಿ ಹರಡಿರುತ್ತವೆ. ಅದರಲ್ಲಿ ಎರಡು ತೊಂದರೆ. ಒಂದು, "ಕೆಲವೇ" ಎಂಬುದು ಘಾತದ ಮೇಲೆ ಘಾತ ಹೇರಿದ ಗೋಪುರದಷ್ಟು ದೊಡ್ಡ ಸಂಖ್ಯೆ. ಅದನ್ನು ತಪ್ಪಿಸಲು ಆಗುವುದಿಲ್ಲ ಎಂದು ಟಿಮ್ ಗವರ್ಸ್ 1997ರಲ್ಲಿ ತೋರಿಸಿದರು. ಇನ್ನೊಂದು, ಕೆಲವು ಕೆಟ್ಟ ಜೋಡಿಗಳು ಉಳಿದೇ ಉಳಿಯುತ್ತವೆ.

ಕೆಟ್ಟ ಜೋಡಿ ಎಲ್ಲಿಂದ ಬರುತ್ತದೆ ನೋಡಿ. ಎಡಕ್ಕೆ 1ರಿಂದ 100, ಬಲಕ್ಕೆ 1ರಿಂದ 100 ಚುಕ್ಕೆ ಇಡಿ. ಎಡದ ಸಂಖ್ಯೆ ಬಲದ ಸಂಖ್ಯೆಗಿಂತ ಚಿಕ್ಕದು ಅಥವಾ ಸಮ ಆದರೆ ಗೆರೆ ಎಳೆಯಿರಿ. ಇದಕ್ಕೆ ಹಾಫ್ ಗ್ರಾಫ್ ಎನ್ನುತ್ತಾರೆ. ಒಟ್ಟಾರೆ ಅರ್ಧದಷ್ಟು ಗೆರೆ ಇವೆ. ಆದರೆ ಎಡದ 1ರಿಂದ 50, ಬಲದ 51ರಿಂದ 100 ತೆಗೆದುಕೊಂಡರೆ ಎಲ್ಲ ಗೆರೆಯೂ ಇವೆ. ಎಡದ 51ರಿಂದ 100, ಬಲದ 1ರಿಂದ 50 ತೆಗೆದುಕೊಂಡರೆ ಒಂದೂ ಇಲ್ಲ. ಸಮನಾಗಿ ಹರಡಿದ್ದರೆ ಹೀಗೆ ಆಗುತ್ತಿರಲಿಲ್ಲ. ಸಣ್ಣ ಭಾಗ ಮಾಡಿದರೂ ಕರ್ಣದ ಮೇಲಿನ ಜೋಡಿಗಳಲ್ಲಿ ಇದೇ ರಗಳೆ ಮತ್ತೆ ಶುರು.

ಮಾಡೆಲ್ ಥಿಯರಿಯವರು ಈ ಚಿತ್ರ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಸಹರಾನ್ ಶೆಲಾ ಅವರ ಸ್ಟೆಬಿಲಿಟಿ ಥಿಯರಿಯಲ್ಲಿ ಒಳ್ಳೆಯ ರಚನೆ, ತುಂಟ ರಚನೆ ಎಂದು ವಿಂಗಡಿಸುವ ಗೆರೆ ಇದೇ: ಉದ್ದುದ್ದದ ಹಾಫ್ ಗ್ರಾಫ್‌ಗಳನ್ನು ಅಡಗಿಸಿಟ್ಟ ಫಾರ್ಮುಲಾ ಅನ್‌ಸ್ಟೇಬಲ್, ಉದ್ದಕ್ಕೆ ಮಿತಿ ಇದ್ದರೆ ಸ್ಟೇಬಲ್. ಅವರು ಅದನ್ನು ಕಟ್ಟಿದ್ದು ಅನಂತ ಮಾಡೆಲ್‌ಗಳನ್ನು ಎಣಿಸಲಿಕ್ಕೆ. ಗ್ರಾಫಿನ ಭಾಗ ಮಾಡುವ ಯೋಚನೆ ಅಲ್ಲಿರಲಿಲ್ಲ. 2014ರಲ್ಲಿ ಮರಿಯಾಂಥೆ ಮಲಿಯಾರಿಸ್ ಮತ್ತು ಶೆಲಾ ಎರಡನ್ನೂ ಜೋಡಿಸಿದರು. ಗ್ರಾಫಿನಲ್ಲಿ ಒಂದು ನಿಗದಿತ ಉದ್ದ ಮೀರಿದ ಹಾಫ್ ಗ್ರಾಫ್ ಇಲ್ಲದಿದ್ದರೆ ಕೆಟ್ಟ ಜೋಡಿ ಒಂದೂ ಉಳಿಯುವುದಿಲ್ಲ. ಗೋಪುರವೂ ಕುಸಿದು ಸಾಧಾರಣ ಬಹುಪದೋಕ್ತಿ ಆಗುತ್ತದೆ. ಅಷ್ಟೇ ಅಲ್ಲ, ಯಾವ ಎರಡು ಭಾಗಗಳ ನಡುವೆ ನೋಡಿದರೂ ಗೆರೆಗಳು ಹೆಚ್ಚುಕಡಿಮೆ ಎಲ್ಲವೂ ಇರುತ್ತವೆ, ಇಲ್ಲವೇ ಹೆಚ್ಚುಕಡಿಮೆ ಒಂದೂ ಇರುವುದಿಲ್ಲ. ಇಲ್ಲಿ ಅಲ್ಟ್ರಾಪ್ರಾಡಕ್ಟ್ ಕೂಡ ಬೇಡ. ರಚನೆ ಎಷ್ಟು ಜಟಿಲ ಎಂದು ಅಳೆಯಲು ಅನಂತದ ಲೋಕದಲ್ಲಿ ಹುಟ್ಟಿದ ರ‍್ಯಾಂಕನ್ನು ಪರಿಮಿತ ಗ್ರಾಫಿನ ಮೇಲೆ ನೇರವಾಗಿ ಎಣಿಸುತ್ತಾರೆ.

ಗೆರೆಗಳು ಪರಿಮಿತ ಫೀಲ್ಡಿನ ಒಂದು ಫಾರ್ಮುಲಾದಿಂದ ಬಂದಿದ್ದರೆ ಬೇರೆ ತರಹದ ಲಾಭ. ಅಲ್ಲೂ ಭಾಗಗಳ ಸಂಖ್ಯೆಗೆ ಮಿತಿ ಇದೆ, ಕೆಟ್ಟ ಜೋಡಿ ಇಲ್ಲ, ಮತ್ತು ಫೀಲ್ಡ್ ದೊಡ್ಡದಾದಂತೆ ಹರಡಿಕೆ ಇನ್ನಷ್ಟು ಸಮನಾಗುತ್ತಾ ಹೋಗುತ್ತದೆ. ಟೆರೆನ್ಸ್ ಟಾವೊ 2012ರಲ್ಲಿ ಇದನ್ನು ಬರೆದಾಗ ಆಧಾರವಾಗಿ ತೆಗೆದುಕೊಂಡದ್ದು ಮೇಲೆ ಹೇಳಿದ 1992ರ ಎಣಿಕೆಯನ್ನೇ. ಪೇಲಿ ಗ್ರಾಫ್ ಸ್ಟೇಬಲ್ ಅಲ್ಲ, ಆದರೆ ಈ ಗುಂಪಿಗೆ ಸೇರುತ್ತದೆ. ಅದನ್ನು ಭಾಗ ಮಾಡಬೇಕಾಗಿಯೇ ಇಲ್ಲ, ಇಡೀ ಗ್ರಾಫಿನಲ್ಲೇ ಗೆರೆಗಳು ಸಮನಾಗಿ ಹರಡಿವೆ.

ಗ್ರೂಪ್‌ಗಳ ಕಥೆ ಚುಟುಕಾಗಿ ಹೇಳುತ್ತೇನೆ. ಪರಿಮಿತ ಗ್ರೂಪ್ ಸಾಲ್ವಬಲ್ (ಕ್ರಮ ಬದಲಿಸಿ ಗುಣಿಸಿದರೂ ಉತ್ತರ ಬದಲಾಗದ ಗ್ರೂಪ್‌ಗಳನ್ನು ಪದರಪದರವಾಗಿ ಜೋಡಿಸಿ ಆದದ್ದು) ಹೌದೋ ಅಲ್ಲವೋ ಎಂಬುದನ್ನು ಒಂದೇ ಫಸ್ಟ್ ಆರ್ಡರ್ ವಾಕ್ಯದಲ್ಲಿ ಹೇಳಬಹುದು ಎಂದು ಜಾನ್ ವಿಲ್ಸನ್ ತೋರಿಸಿದರು. ಐಡೆಂಟಿಟಿ ಅಲ್ಲದ ಯಾವ ಎಲಿಮೆಂಟೂ ತನ್ನದೇ ಕಾಂಜುಗೇಟ್‌ಗಳ 56 ಕಮ್ಯುಟೇಟರ್‌ಗಳ ಗುಣಲಬ್ಧ ಆಗಬಾರದು, ಅಷ್ಟೇ. (xಗೆ y⁻¹xy ಒಂದು ಕಾಂಜುಗೇಟ್; x, yಗಳ ಕಮ್ಯುಟೇಟರ್ ಅಂದರೆ x⁻¹y⁻¹xy.) 56 ಎಂಬ ಸಂಖ್ಯೆ ನೋಡಿ ನಗು ಬರುತ್ತದೆ. ಆದರೆ ಒಂದು ನಿಗದಿತ ಸಂಖ್ಯೆ ಇರುವುದೇ ಅಲ್ಲಿನ ಅಚ್ಚರಿ. ಅದಿಲ್ಲದಿದ್ದರೆ ವಾಕ್ಯ ಬರೆಯುವುದಕ್ಕೇ ಆಗುತ್ತಿರಲಿಲ್ಲ.

ಇನ್ನೊಂದು, ಅಪ್ರಾಕ್ಸಿಮೇಟ್ ಗ್ರೂಪ್‌ಗಳು. ಒಂದು ಪರಿಮಿತ ಗಣವನ್ನು ಅದರಿಂದಲೇ ಗುಣಿಸಿದರೆ ಬರುವ ಗಣವನ್ನು ಮೂಲ ಗಣದ ಕೆಲವೇ ಪ್ರತಿಗಳಿಂದ ಮುಚ್ಚಬಹುದು ಅಂದುಕೊಳ್ಳಿ. ಅಂಥದ್ದು ಹೇಗಿರುತ್ತದೆ? 2012ರಲ್ಲಿ ಎಹೂದ್ ರುಶೋವ್‌ಸ್ಕಿ ಇಂಥ ಗಣಗಳ ಸಾಲಿನ ಅಲ್ಟ್ರಾಪ್ರಾಡಕ್ಟ್ ತೆಗೆದರು. ಅದರ ಹಿಂದೆ ಒಂದು ಲೀ ಗ್ರೂಪ್ (ನಯವಾದ, ನಿರಂತರ ಗ್ರೂಪ್) ಅಡಗಿರುವುದು ಸ್ಟೆಬಿಲಿಟಿ ಥಿಯರಿಯ ವಿಧಾನಗಳಿಂದ ಹೊರಬಂತು. ಅದೇ ವರ್ಷ ಬ್ರೂಯಾರ್, ಗ್ರೀನ್, ಟಾವೊ ಅಲ್ಲಿಂದ ಮುಂದೆ ಹೋಗಿ ಪೂರ್ತಿ ವಿವರಣೆ ಕೊಟ್ಟರು: ಅವೆಲ್ಲ ನಿಲ್ಪೊಟೆಂಟ್ ಗ್ರೂಪ್‌ಗಳ (ಕಮ್ಯುಟೇಟಿವ್ ಗ್ರೂಪ್‌ಗಳಿಗೆ ಹತ್ತಿರದವುಗಳ) ಹತ್ತಿರದ ನೆಂಟರು.

ಇಷ್ಟೆಲ್ಲ ಹೊಗಳಿದ ಮೇಲೆ ಬೆಲೆಯನ್ನೂ ಹೇಳಬೇಕು. ಅಲ್ಟ್ರಾಪ್ರಾಡಕ್ಟ್ ಮಿತಿ ಇದೆ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಮೇಲಿನ ಮೂವರ ಪ್ರಮೇಯದಲ್ಲೂ "ಕೆಲವೇ ಪ್ರತಿಗಳು" ಅಂದರೆ ಎಷ್ಟು ಎಂಬುದಕ್ಕೆ ಆ ಸಾಧನೆಯಿಂದ ಸಂಖ್ಯೆ ಸಿಗುವುದಿಲ್ಲ. ಕಾಂಬಿನೇಟರಿಕ್ಸ್‌ನವರು ಮೊದಲು ಕೇಳುವುದೇ ಸಂಖ್ಯೆ. ಅವರು ಮೂಗು ಮುರಿದರೆ ತಪ್ಪೇನಿಲ್ಲ. ಆದರೆ ಎಲ್ಲೆಡೆ ಹೀಗಲ್ಲ, ಮಲಿಯಾರಿಸ್ ಮತ್ತು ಶೆಲಾ ಅವರ ಮಿತಿ ಕಣ್ಣೆದುರಿಗೇ ಇದೆ. ಹಾಗಾಗಿ ಮಾಡೆಲ್ ಥಿಯರಿಯ ನಿಜವಾದ ಕೊಡುಗೆ ಅಲ್ಟ್ರಾಪ್ರಾಡಕ್ಟ್ ಅಲ್ಲ, ಯಾವ ಗ್ರಾಫ್ ಸಾಧು, ಯಾವುದು ತುಂಟ ಎಂದು ಗುರುತಿಸುವ ಕಣ್ಣು ಎಂದು ನಾನು ಹೇಳುತ್ತೇನೆ. ಇದನ್ನು ಒಪ್ಪದ ಗೆಳೆಯರು ನನಗಿದ್ದಾರೆ.

ಈ ಕಣ್ಣು ಗ್ರಾಫ್ ಥಿಯರಿಯವರಿಗೆ ಎಷ್ಟು ಹತ್ತಿರ ಎಂಬುದಕ್ಕೆ ಒಂದು ಸಾಕ್ಷಿ. ವಿರಳ ಗ್ರಾಫ್‌ಗಳನ್ನು ಅಧ್ಯಯನ ಮಾಡಲು ನೆಶೆಟ್ರಿಲ್ ಮತ್ತು ಒಸೋನಾ ದೆ ಮೆಂಡೆಝ್ "ನೋವೇರ್ ಡೆನ್ಸ್" (ಎಲ್ಲೂ ದಟ್ಟವಲ್ಲದ) ಎಂಬ ವರ್ಗ ಕಟ್ಟಿದರು. ಸಮತಲದಲ್ಲಿ ಬಿಡಿಸಬಹುದಾದ ಗ್ರಾಫ್‌ಗಳು, ಡಿಗ್ರಿಗೆ (ಒಂದು ಚುಕ್ಕೆಗೆ ಸೇರಿದ ಗೆರೆಗಳ ಸಂಖ್ಯೆಗೆ) ಮಿತಿ ಇರುವ ಗ್ರಾಫ್‌ಗಳು ಎಲ್ಲ ಅದರಲ್ಲಿ ಬರುತ್ತವೆ. ಲಾಜಿಕ್ಕಿಗೂ ಅದಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಆಮೇಲೆ 2014ರಲ್ಲಿ ಹನ್ಸ್ ಆಡ್ಲರ್ ಮತ್ತು ಇಸೋಲ್ಡೆ ಆಡ್ಲರ್ ಗಮನಕ್ಕೆ ತಂದರು: ಗೆರೆ, ಚುಕ್ಕೆ ಅಳಿಸಿದರೂ ಒಳಗೇ ಉಳಿಯುವ ಗ್ರಾಫ್ ವರ್ಗಗಳಲ್ಲಿ ನೋವೇರ್ ಡೆನ್ಸ್ ಆಗುವುದೂ ಸ್ಟೇಬಲ್ ಆಗುವುದೂ ಒಂದೇ. ಅದರ ಮುಖ್ಯ ಭಾಗ ಪೊಡೆವ್‌ಸ್ಕಿ ಮತ್ತು ಝೀಗ್ಲರ್ ಅವರ 1978ರ ಕೆಲಸದಲ್ಲೇ ಇತ್ತು, ಗ್ರಾಫ್‌ನವರು ನೋಡಿರಲಿಲ್ಲ. ಅದೇ ಹೊತ್ತಿಗೆ ಗ್ರೋಹೆ, ಕ್ರಾಯ್ಟ್‌ಝರ್, ಸೀಬರ್ಟ್ಸ್ ಇಂಥ ವರ್ಗಗಳಲ್ಲಿ ಯಾವ ಫಸ್ಟ್ ಆರ್ಡರ್ ಪ್ರಶ್ನೆಗೂ ಹೆಚ್ಚುಕಡಿಮೆ ಗ್ರಾಫ್ ಓದುವಷ್ಟೇ ಸಮಯದಲ್ಲಿ ಉತ್ತರ ಹೇಳುವ ಅಲ್ಗಾರಿದಮ್ ಕೊಟ್ಟರು. ಪ್ರಶ್ನೆ ಉದ್ದವಾದರೆ ಮಾತ್ರ ಸ್ಥಿರಾಂಕ ವಿಪರೀತ ಬೆಳೆಯುತ್ತದೆ.

ನಿಮ್ಮ ಪಿಎಚ್.ಡಿ. ವಿಷಯಕ್ಕೆ ಬರೋಣ. ಎಕ್ಸ್‌ಟ್ರೀಮಲ್ ಗ್ರಾಫ್, ರೆಗ್ಯುಲಾರಿಟಿ, ವಿರಳ ಗ್ರಾಫ್, ಅಲ್ಗಾರಿದಮ್ ಇವುಗಳಲ್ಲಿ ಯಾವುದನ್ನು ಹಿಡಿದರೂ ಇದು ಕೆಲಸಕ್ಕೆ ಬರುತ್ತದೆ. ಗ್ರಾಫಿಗೆ ಬಣ್ಣ ಹಚ್ಚುವ ಶುದ್ಧ ರಚನಾತ್ಮಕ ಪ್ರಶ್ನೆಗಳಿಗೆ ಹೋದರೆ ಅಷ್ಟೇನೂ ಬೇಕಾಗದು. ಈಗಲೇ ದಪ್ಪ ಪುಸ್ತಕ ಹಿಡಿದು ಸ್ಟೆಬಿಲಿಟಿ ಥಿಯರಿ ಪೂರ್ತಿ ಓದಲು ಹೋಗಬೇಡಿ, ಎರಡು ವರ್ಷ ಅಲ್ಲೇ ಕಳೆದುಹೋಗುತ್ತದೆ. ಮೊದಲು ಎರೆನ್‌ಫಾಯ್ಕ್ಟ್ ಆಟವನ್ನು ಕೈಯಾರೆ ಆಡಿ. ಆಮೇಲೆ 0-1 ನಿಯಮದ ಸಾಧನೆ, ಅದು ಒಂದು ಸಂಜೆಯ ಓದು. ಅಲ್ಟ್ರಾಪ್ರಾಡಕ್ಟ್ ಮತ್ತು ವೊಶ್ ಪ್ರಮೇಯ ಆದ ಮೇಲೆ ನೇರವಾಗಿ ಮಲಿಯಾರಿಸ್ ಮತ್ತು ಶೆಲಾ ಅವರ ಪೇಪರಿಗೆ ಹೋಗಿ, ಬೇಕಾದ ಸ್ಟೆಬಿಲಿಟಿಯನ್ನು ಅಲ್ಲಿಂದಲೇ ಹಿಂದಕ್ಕೆ ಹೋಗಿ ಕಲಿಯಿರಿ. ನಡುವೆ ಬೇಸರವಾದರೆ 17 ಚುಕ್ಕೆಗಳ ಪೇಲಿ ಗ್ರಾಫ್ ಬಿಡಿಸಿ. ಅದರಲ್ಲಿ ಪರಸ್ಪರ ಸೇರಿದ ನಾಲ್ಕು ಚುಕ್ಕೆಯೂ ಇಲ್ಲ, ಪರಸ್ಪರ ಸೇರದ ನಾಲ್ಕು ಚುಕ್ಕೆಯೂ ಇಲ್ಲ. 18 ಚುಕ್ಕೆಗಳಿದ್ದರೆ ಯಾವ ಗ್ರಾಫಿಗೂ ಹೀಗಿರಲು ಸಾಧ್ಯವಿಲ್ಲ.